ಒಂದು ಹಲ್ಲಿನ ವ್ಯವಹಾರ

ಕುಶಾಲನಗರ ದಾಟಿ ಮಡಿಕೇರಿ ಕಡೆಗೆ ಏರು ಶುರುವಾಯಿತೆಂದರೆ ನಮ್ಮ ಭಾವ ಮಾತು ನಿಲ್ಲಿಸಿಬಿಡುತ್ತಿದ್ದರು. ಕಾರು ಕಾಂಟೆಸಾ ಕ್ಲಾಸಿಕ್. 1.8 ಲೀಟರಿನ ಇಸುಜು ಎಂಜಿನ್, ಐದು ಗೇರು, ಕಡುಗೆಂಪು ಬಣ್ಣ, ಬಾನೆಟ್ಟಿನುದ್ದಕ್ಕೂ ಎರಡು ಬಿಳಿ ಪಟ್ಟೆ. ನಿಂತಾಗ ನೋಡಿದವರು ಅಬ್ಬಾ ಎನ್ನಬೇಕು. ಆದರೆ ಸುಂಟಿಕೊಪ್ಪ ಬಿಟ್ಟು ಬೋಯಿಕೇರಿ ತಿರುವುಗಳಿಗೆ ಬಂದರೆ ಮೂರನೇ ಗೇರಿನಲ್ಲಿ ಏದುಸಿರು, ಎರಡನೆಯದರಲ್ಲಿ ಮುನಿಸು. ಒಮ್ಮೆ ಹಿಂದಿನಿಂದ ಬಂದ ತೋಟದ ಜೀಪೊಂದು, ಒಳಗೆ ಹಿಡಿಸದಷ್ಟು ಜನ, ಅವರ ಕಾಲಡಿ ಗೊಬ್ಬರದ ಮೂಟೆ, ಹಾರ್ನ್ ಕೂಡ ಹಾಕದೆ ನಮ್ಮನ್ನು ದಾಟಿ ಹೋಯಿತು. ಹಿಂದೆ ನೇತಾಡುತ್ತಿದ್ದ ಹುಡುಗ ಭಾವನಿಗೆ ಕೈಯೆತ್ತಿ ನಮಸ್ಕಾರ ಮಾಡಿದ. ಬೈದಿದ್ದರೂ ಪರವಾಗಿರಲಿಲ್ಲ.

ಮೂರ್ನಾಡಿನ ಮೆಕ್ಯಾನಿಕ್ ಇಕ್ಕ ಕಾರಿನಡಿ ಒಮ್ಮೆ ನುಸುಳಿ ಬಂದು ಹೇಳಿದರು: "ಎಂಜಿನ್‌ಗೆ ಏನೂ ಆಗಿಲ್ಲ ಸಾವ್ಕಾರ್ರೆ. ಹಿಂದೆ ಯಾರೋ ಬೇರೆ ಕ್ರೌನ್-ಪಿನಿಯನ್ ಹಾಕಿದ್ದಾರೆ. ಇದು ಬಯಲಿನ ಗಾಡಿ." ಹಿಂದಿನ ಆಕ್ಸಲ್ಲಿನಲ್ಲಿ ಎಂಜಿನ್ನಿನ ಸುತ್ತನ್ನು ಚಕ್ರಗಳಿಗೆ ತಲುಪಿಸುವ ಹಲ್ಲುಚಕ್ರಗಳ ಜೋಡಿಯಿದು, ಪಿನಿಯನ್ ಪುಟ್ಟದು, ಕ್ರೌನ್ ದೊಡ್ಡದು. ಬೆಂಗಳೂರಿನ ಹಿಂದಿನ ಮಾಲೀಕನಿಗೆ ಹೈವೇ ಓಟದ ಹುಚ್ಚಿತ್ತಂತೆ.

ಆ ಜೋಡಿಯ ರೇಷಿಯೋ, ಅಂದರೆ ಕ್ರೌನಿನ ಒಂದು ಸುತ್ತಿಗೆ ಪಿನಿಯನ್ ಎಷ್ಟು ಸುತ್ತುತ್ತದೆಂದು ತಾವೇ ಕಂಡುಹಿಡಿಯುವುದಾಗಿ ಭಾವ ಹೊರಟರು. ಬಿಚ್ಚದೆಯೂ ತಿಳಿಯಬಹುದು: ಹಿಂದಿನ ಟೈರಿಗೊಂದು, ಗೇರ್‌ಬಾಕ್ಸಿನಿಂದ ಪಿನಿಯನ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿಗೊಂದು ಸುಣ್ಣದ ಗುರುತು ಹಾಕಿ, ಗೇರು ನ್ಯೂಟ್ರಲ್ಲಿಗೆ ತಂದು, ಚಕ್ರ ಒಂದು ಸುತ್ತು ತಿರುಗಿದರೆ ಶಾಫ್ಟ್ ಎಷ್ಟು ಸುತ್ತುತ್ತದೆಂದು ಎಣಿಸಿದರಾಯಿತು. ಭಾವ ಒಂದೇ ಕಡೆ ಜಾಕ್ ಕೊಟ್ಟರು. ನಾನು ಚಕ್ರ ತಿರುಗಿಸಿದೆ, ಅವರು ಕೆಳಗೆ ಮಲಗಿ ಎಣಿಸಿದರು. ಎರಡು ಸುತ್ತೂ ಪೂರ್ತಿ ಆಗಲಿಲ್ಲ. "ಎರಡಕ್ಕಿಂತ ಕಮ್ಮಿ! ಇನ್ನು ಏರುತ್ತದಾ ಮಾರಾಯ?" ಎನ್ನುತ್ತಾ ಹೊರಬಂದವರ ಮುಖದಲ್ಲಿ ರೋಗ ಸಿಕ್ಕಿದ ಡಾಕ್ಟರನ ಸಂತೋಷವಿತ್ತು. ಈ ಸುದ್ದಿ ಸಂಜೆಯೊಳಗೆ ನಾಪೋಕ್ಲುವರೆಗೂ ಹೋಯಿತು. ಇಕ್ಕ ಮಾತ್ರ ತಲೆ ಕೆರೆದುಕೊಂಡು, ಇನ್ನೊಂದು ಚಕ್ರ ನೆಲದ ಮೇಲಿತ್ತಾ ಎಂದು ಕೇಳಿದರು. ಒಂದು ಚಕ್ರ ಕಚ್ಚಿ ನಿಂತು ಇನ್ನೊಂದು ಮಾತ್ರ ತಿರುಗಿದರೆ ಎರಡೂ ಚಕ್ರಕ್ಕೆ ಸುತ್ತು ಹಂಚುವ ಡಿಫರೆನ್ಷಿಯಲ್ ಒಳಗೆ ಲೆಕ್ಕ ಅರ್ಧವಾಗುತ್ತದೆ. ಬಂದದ್ದನ್ನು ದುಪ್ಪಟ್ಟು ಮಾಡಬೇಕು.

ದುಪ್ಪಟ್ಟು ಮಾಡಿದಾಗ ಸಿಕ್ಕಿದ್ದು 3.73. ಎಂದರೆ ಕ್ರೌನ್ ಚಕ್ರಕ್ಕೆ 41 ಹಲ್ಲು, ಪಿನಿಯನ್‌ಗೆ 11. ಇಕ್ಕ ಸೂಚಿಸಿದ್ದು 41ಕ್ಕೆ 10, ಅಂದರೆ 4.1. ವ್ಯತ್ಯಾಸ ಪಿನಿಯನ್‌ನ ಒಂದೇ ಹಲ್ಲು. ಎಂಜಿನ್ನಿನ ಶಕ್ತಿ ಇದರಿಂದ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಚಕ್ರಕ್ಕೆ ಸಿಗುವ ಎಳೆತ ನೂರಕ್ಕೆ ಹತ್ತು ಏರುತ್ತದೆ, ಅದಕ್ಕೆ ಪ್ರತಿಯಾಗಿ ಅದೇ ವೇಗಕ್ಕೆ ಎಂಜಿನ್ ನೂರಕ್ಕೆ ಹತ್ತು ಹೆಚ್ಚು ತಿರುಗಬೇಕಾಗುತ್ತದೆ. ನಮ್ಮ ಮಾನ ಕಳೆದ ಜೀಪಿನ ಗುಟ್ಟೂ ಇದೇ. ಹಳೆಯ ವಿಲ್ಲೀಸ್ ಸಿಜೆ-3ಬಿ ಜೀಪಿನಲ್ಲಿ 43ಕ್ಕೆ 8, ಅಂದರೆ ಸುಮಾರು 5.38. ಗೊಬ್ಬರ ಹೊತ್ತು ಗೋಡೆಯನ್ನೂ ಹತ್ತುತ್ತದೆ. ಅದನ್ನೇ ಹುಣಸೂರು ರಸ್ತೆಯಲ್ಲಿ 80ಕ್ಕೆ ಓಡಿಸಿ ನೋಡಿ, ಪಕ್ಕದವರೊಡನೆ ಕೈಸನ್ನೆಯಲ್ಲೇ ಮಾತಾಡಬೇಕು.

ನಮ್ಮದು ರೈಲಿಲ್ಲದ ಜಿಲ್ಲೆ. ಬೆಂಗಳೂರಿನ ಗುಜರಿಯಿಂದ ಸಾಮಾನು ಬಸ್ಸಿನಲ್ಲೇ ಪಾರ್ಸೆಲ್ ಬರಬೇಕು. ಮೊದಲು ಬಂದದ್ದರಲ್ಲಿ ಕ್ರೌನ್ ಮೇಲೆ ಒಂದು ನಂಬರ್, ಪಿನಿಯನ್ ಮೇಲೆ ಇನ್ನೊಂದು. ಕಾರ್ಖಾನೆಯಲ್ಲಿ ಜೊತೆಯಾಗಿ ಉಜ್ಜಿ ಹೊಂದಿಸಿದ ಜೋಡಿಯನ್ನು ಅಗಲಿಸಿದರೆ ಜೀವಮಾನವಿಡೀ ಊಳಿಡುತ್ತದೆ ಎಂದು ಇಕ್ಕ ವಾಪಸ್ ಕಳಿಸಿದರು. ಸರಿಯಾದ ಜೋಡಿ ಬಂದಾಗ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಎದುರಿಗಿತ್ತು. ಸೆಪ್ಟೆಂಬರ್ 3ರಂದು ಕೋವಿ ಕತ್ತಿಗಳನ್ನು ಪೂಜೆಗಿಟ್ಟು, ಕೋವಿ ನಳಿಗೆಗೆ ತೋಕ್ ಪೂ ಸಿಕ್ಕಿಸಿದ ಭಾವ, ಕ್ರೌನ್-ಪಿನಿಯನ್‌ಗೂ ಒಂದು ಹೂವಿಟ್ಟು ಪಕ್ಕದಲ್ಲೇ ಕೂರಿಸಿದರು.

ಮಳೆ ಬಿಡದ್ದರಿಂದ ಕೆಲಸ ನಡೆದದ್ದು ಭಾವನ ಮನೆಯ ಕಾರು ಶೆಡ್ಡಿನಲ್ಲೇ. ಹೊಸ ಗೇರು ಹಾಕುವುದೆಂದರೆ ಹಳೆಯದನ್ನು ತೆಗೆದು ಇದನ್ನು ತುರುಕುವುದಲ್ಲ. ಪಿನಿಯನ್ ಎಷ್ಟು ಒಳಗಿರಬೇಕೆಂಬುದನ್ನು ಶಿಮ್ ಎಂಬ ಕಾಗದದಷ್ಟು ತೆಳ್ಳಗಿನ ಬಿಲ್ಲೆಗಳಿಂದ ಹೊಂದಿಸಬೇಕು. ಹಲ್ಲುಗಳ ನಡುವೆ ಬಿಡುವ ಪ್ಲೇ ಒಂದು ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತ ಹೆಚ್ಚಾಗಬಾರದು, ಪೂರಾ ಬಿಗಿಯೂ ಆಗಬಾರದು. ಕಚ್ಚುವಿಕೆ ನೋಡಲು ಇಕ್ಕ ಕೆಂಪು ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ಬೆರಳಿನಿಂದ ಒಂದೊಂದೇ ಹಲ್ಲಿಗೆ ಹಚ್ಚಿ ತಿರುಗಿಸುತ್ತಿದ್ದರು. ಎಲ್ಲಿ ಬಣ್ಣ ಅಳಿಯಿತೋ ಅಲ್ಲಿ ಹಲ್ಲು ತಾಗಿತೆಂದು ಅರ್ಥ. ಅಂಚಿಗೆ ತಾಗಿದರೆ ಮತ್ತೆ ಬಿಚ್ಚು, ಶಿಮ್ ಬದಲಿಸು, ಮತ್ತೆ ಹಚ್ಚು. ಇದನ್ನು ಬಾಗಿಲಲ್ಲಿ ನಿಂತು ನೋಡಿದ ಅಕ್ಕನ ಅತ್ತೆ ಭಾವನಿಗೆ ಬೈದರು: "ನೀನು ಒಂದು ಹೂವಿಟ್ಟು ಎದ್ದು ಬಂದೆ. ನೋಡು ಅವನ ಶ್ರದ್ಧೆ, ಹಲ್ಲು ಹಲ್ಲಿಗೂ ಕುಂಕುಮ." ಇಕ್ಕನಿಗೆ ಅಂದಿನಿಂದ ಕಾಫಿ ದೊಡ್ಡ ಲೋಟದಲ್ಲಿ ಬರತೊಡಗಿತು.

ಗೇರ್ ಆಯಿಲ್ ವಿಷಯ ಬೇರೆಯೇ. ಆ 90 ನಂಬರಿನ ಎಣ್ಣೆಗೆ, ಒತ್ತಡದಲ್ಲಿ ಹಲ್ಲು ಹಲ್ಲು ಉಜ್ಜಿ ಕಿತ್ತುಬರದಿರಲಿ ಎಂದು ನಾತ ಬೀರುವ ಗಂಧಕದ ಅಂಶ ಸೇರಿಸಿರುತ್ತಾರೆ. ಹಳೆಯ ಎಣ್ಣೆ ಭಾವನ ಅಂಗಿಯ ಮೇಲೆ ಸುರಿಯಿತು. ಅಂಗಿ ಒಗೆದು, ಮಳೆಗಾಲವಲ್ಲವೇ, ಒಲೆಯ ಮೇಲಿನ ಹಗ್ಗದಲ್ಲಿ ಮನೆಯವರ ಬಟ್ಟೆಗಳ ಜೊತೆಯಲ್ಲೇ ಒಣಗಲು ಹಾಕಿದರು. ಆ ವಾರದ ಮದುವೆಯೂಟದಲ್ಲಿ ಪಂದಿ ಕರಿಯ ಘಮವನ್ನೂ ಮೀರಿಸಿ ನಾವು ಕುಳಿತಿದ್ದೆವು. ಎರಡೂ ಬದಿಗೆ ಎಲೆ ಖಾಲಿ.

ಕಾರು ಮಾತ್ರ ನಿಜಕ್ಕೂ ಸುಧಾರಿಸಿತು. ಬೋಯಿಕೇರಿ ತಿರುವಿನಲ್ಲಿ ಎರಡನೇ ಗೇರು ಮುನಿಸು ಬಿಟ್ಟಿತು, ನೇರ ಏರಿನಲ್ಲಿ ಮೂರನೆಯದು ಎಳೆಯಿತು. ಭಾವ ಏರಿನಲ್ಲೂ ಮಾತಾಡತೊಡಗಿದರು, ಅದೊಂದು ನಷ್ಟ.

ಆದರೆ ಸ್ಪೀಡೋಮೀಟರಿನ ಕೇಬಲ್ ಬರುವುದು ಗೇರ್‌ಬಾಕ್ಸಿನಿಂದ. ಹಿಂದಿನ ಆಕ್ಸಲ್ಲಿನಲ್ಲಿ ಹಲ್ಲು ಕಡಿಮೆಯಾದದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಶಾಫ್ಟ್ ಹೆಚ್ಚು ಸುತ್ತುತ್ತಿದೆ, ಹಾಗಾಗಿ ಕಾರು ಹೆಚ್ಚು ಓಡುತ್ತಿದೆ ಎಂದೇ ಅದು ನಂಬಿತು. ಮೀಟರ್ 60 ತೋರಿಸಿದಾಗ ಕಾರಿನ ವೇಗ 55ನ್ನೂ ಮುಟ್ಟುವುದಿಲ್ಲ. ಹಿಂದಿನ ಸೀಟಿನಿಂದ ಕತ್ತು ಚಾಚಿ 60 ದಾಟದಂತೆ ಕಾಯುವ ಅಕ್ಕನ ಅತ್ತೆ, ಈಗ 60ರಲ್ಲೂ ಎದೆ ಹೊಡೆದುಕೊಳ್ಳುವುದಿಲ್ಲ, ಇಕ್ಕನ ಕೈಗುಣ ಎಂದರು.

ಭಾವನಿಗೆ ಇದಕ್ಕಿಂತ ದೊಡ್ಡ ಲಾಟರಿ ಹೊಡೆದಿತ್ತು. ಪೆಟ್ರೋಲ್ ಡೈರಿಯಲ್ಲಿ ಲೀಟರಿಗೆ 10 ಇದ್ದ ಮೈಲೇಜು 10.4 ಆಗಿತ್ತು. ಓಡಿದ ಕಿಲೋಮೀಟರನ್ನೂ ಆ ಮೀಟರೇ ಎಣಿಸುವುದರಿಂದ ನಿಜವಾದ ಮೈಲೇಜು 9.5ಕ್ಕೆ ಇಳಿದಿದೆ ಎಂದು ನಾನು ಹೇಳಿದೆ. ಅವರು ಡೈರಿ ಮುಚ್ಚಿದರು. ಗೇರ್‌ಬಾಕ್ಸಿನಲ್ಲಿ ಕೇಬಲ್ ತಿರುಗಿಸುವ ಪುಟ್ಟ ಗೇರೊಂದಿದೆ, ಅದನ್ನು ಬದಲಿಸಿದರೆ ಮೀಟರ್ ಸರಿಯಾಗುತ್ತದೆ ಎಂದು ಇಕ್ಕ ಹೇಳಿದಾಗ ಭಾವನಿಗೆ ಅಂದೇ ತೋಟದಲ್ಲಿ ಎಲ್ಲಿಲ್ಲದ ಕೆಲಸ ಬಂತು.

ಹೋದ ತಿಂಗಳು ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಬಂದು, ಪೆಟ್ರೋಲಿನ ನನ್ನ ಪಾಲನ್ನು ಕಿಲೋಮೀಟರ್ ಲೆಕ್ಕದಲ್ಲಿ ಕೇಳಿದರು. 264 ಕಿಲೋಮೀಟರ್.

"ಭಾವ, ಮಡಿಕೇರಿಯಿಂದ ಮೈಸೂರಿಗೆ 120 ಅಂತ ಕಲ್ಲಿನ ಮೇಲೇ ಬರೆದಿದೆಯಲ್ಲ?"

"ಕಲ್ಲು ಇದ್ದಲ್ಲೇ ಇರುತ್ತೆ ಮಾರಾಯ. ಓಡಿದ್ದು ಗಾಡಿ."

264ಕ್ಕೇ ಕೊಟ್ಟೆ. ಅಕ್ಕ ಎದುರಿಗಿದ್ದಳು.