ಮಂಗಳವಾರ, ಶುಕ್ರವಾರ ಮಾತ್ರ ಜ್ವರ

ಗ್ರಾಮೀಣ ಭಾಗದ ವೈದ್ಯರ ಕೊರತೆ ನೀಗಿಸಲು ಸಮಗ್ರ ಯೋಜನೆ ರೂಪಿಸಬೇಕೆಂಬ ಸುದ್ದಿಯನ್ನು ನೀವೂ ಓದಿರುತ್ತೀರಿ. ಮಳೆಗಾಲದ ಮುಂಚಿನ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವಾಗ ಒಮ್ಮೆ, ಮತ್ತೆ ಗೆಜ್ಜೆ ಕಟ್ಟುವಾಗ ಇನ್ನೊಮ್ಮೆ ಬರುವ ಸುದ್ದಿಯಿದು. ಮೇಳದವರಾದರೂ ನಡುವೆ ಆಟ ಆಡುತ್ತಾರೆ. ಇಲ್ಲಿ ಪೂರ್ವರಂಗದಲ್ಲೇ ಬೆಳಗಾಗುತ್ತದೆ.

ಘಟ್ಟದ ಬುಡದ ನಮ್ಮೂರಿನ ಆರೋಗ್ಯ ಕೇಂದ್ರದಲ್ಲಿ ವೈದ್ಯರೇ ಇಲ್ಲ ಎಂದರೆ ನಾಲಗೆಗೆ ಹುಳ ಬಿದ್ದೀತು. ಪ್ರಭಾರ ವೈದ್ಯರಿದ್ದಾರೆ. ಮೂರು ಕೇಂದ್ರಗಳ ಪ್ರಭಾರ ಅವರೊಬ್ಬರ ಹೆಗಲ ಮೇಲಿದೆ. ನಮ್ಮ ಪಾಲಿಗೆ ಮಂಗಳವಾರ ಮತ್ತು ಶುಕ್ರವಾರ. ಊರೂ ಹೊಂದಿಕೊಂಡಿದೆ. ಸೋಮವಾರ ಸಂಜೆ ಮೈ ಬಿಸಿಯಾದರೆ 'ಜ್ವರ ಒಳ್ಳೆಯ ದಿನವೇ ಬಂತು' ಎನ್ನುತ್ತಾರೆ. ಅಡಿಕೆ ತೋಟದ ಕೊಳಕುಮಂಡಲ ಹಾವಿಗೆ ಮಾತ್ರ ಈ ವೇಳಾಪಟ್ಟಿಯ ಪ್ರತಿ ಇನ್ನೂ ತಲುಪಿಲ್ಲ.

ಹಾಗೆಂದು ವೈದ್ಯರ ವಿಷಯದಲ್ಲಿ ನಾವು ಬಡವರೇ? 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದ ಬೋಳುಗುಡ್ಡದ ಮೇಲೆ ವೈದ್ಯಕೀಯ ಕಾಲೇಜು ತೆರೆದ ಸೀಮೆಯಿದು. ಈಗ ದಕ್ಷಿಣ ಕನ್ನಡವೊಂದರಲ್ಲೇ ಎಂಟು ಕಾಲೇಜುಗಳು, ಎಂಟೂ ಖಾಸಗಿ. ಮಂಗಳೂರು ಕಡೆಯ ಕಂಕನಾಡಿ, ಅತ್ತಾವರ, ದೇರಳಕಟ್ಟೆ ಎಂದರೆ ಪರವೂರಿನವರಿಗೆ ಬಡಾವಣೆಗಳು, ನಮಗೆ ಆಸ್ಪತ್ರೆಯ ವಾರ್ಡುಗಳು.

ನಮ್ಮ ಬಸ್ಸಿನ ಕಂಡಕ್ಟರನ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ಎಕ್ಸ್‌ರೇ ಲಕೋಟೆ ಹಿಡಿದವರನ್ನು ಕಂಡರೆ ಊರು ಕೇಳದೆಯೇ ಟಿಕೆಟ್ ಹರಿಯುತ್ತಾನೆ. ಮೂಳೆಗೆ ಎಲ್ಲಿ, ಹೃದಯಕ್ಕೆ ಎಲ್ಲಿ, ಯಾವ ಕಾರ್ಡು ಎಲ್ಲಿ ನಡೆಯುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. 'ಅಜ್ಜೇರೇ, ಖಾಲಿ ಹೊಟ್ಟೆಯಲ್ಲಿ ಬಂದಿದ್ದೀರಲ್ಲ? ರಕ್ತ ಕೊಟ್ಟ ಮೇಲೆಯೇ ಚಾ ಕುಡಿಯಿರಿ' ಎಂದು ಎಚ್ಚರಿಸಿ ಇಳಿಸುತ್ತಾನೆ. ಯೋಜನೆ ರೂಪಿಸುವವರು ಇವನನ್ನೇ ವೈದ್ಯಾಧಿಕಾರಿಯಾಗಿ ನೇಮಿಸಲಿ. ದಿನಕ್ಕೆ ನಾಲ್ಕು ಸಲ ನಮ್ಮೂರಿಗೆ ಬರುತ್ತಾನೆ, ಭಾನುವಾರವೂ ಸೇರಿ.

ಕಾನೂನೂ ಉಂಟು. ವೈದ್ಯಕೀಯ ಓದು ಮುಗಿಸಿದವರು ಒಂದು ವರ್ಷ ಕಡ್ಡಾಯ ಸೇವೆ ಸಲ್ಲಿಸಬೇಕು, ತಪ್ಪಿದರೆ 15ರಿಂದ 30 ಲಕ್ಷ ರೂಪಾಯಿ ದಂಡ ಎಂದು 2012ರ ಕಾಯ್ದೆ ಗುಡುಗಿತು. 2023ರಲ್ಲಿ ತಿದ್ದುಪಡಿಯೂ ಆಯಿತು: ಓದಿ ಬರುವವರು ಹೆಚ್ಚು, ಖಾಲಿ ಹುದ್ದೆಗಳು ಕಡಿಮೆ, ಆದ್ದರಿಂದ ಬೇಕಾದಷ್ಟು ಮಂದಿ ಬಂದರೆ ಸಾಕು. ವೈದ್ಯರು ಮಿಕ್ಕಿ ಉಳಿಯುವ ರಾಜ್ಯದಲ್ಲಿ ನಮ್ಮೂರ ಕುರ್ಚಿಯ ಮೇಲೆ ಬೆಕ್ಕು ಮಲಗುತ್ತದೆ. ಬರುವ ಹುಡುಗನೂ ತುಳುವಿನ 'ಬಂಜಿ ಬೇನೆ' ಎಂದರೆ ಹೊಟ್ಟೆನೋವು ಎಂದು ತಿಳಿಯುವಷ್ಟರಲ್ಲಿ ವರ್ಷ ತುಂಬಿ ಹೊರಡುತ್ತಾನೆ. ಅವನನ್ನು ದೂರಲಾರೆ. ಜೂನ್ ತಿಂಗಳಲ್ಲಿ ಆ ವಸತಿಗೃಹದಲ್ಲಿ ಮಂಚದ ಮೇಲೂ ಕೊಡೆ ಬಿಡಿಸಬೇಕು.

ಇನ್ನು ತಮಾಷೆ ಮಾಡಲು ಮನಸ್ಸಿಲ್ಲ. ಊರಿನ ಬಸುರಿಯರ ಲೆಕ್ಕ, ಮಕ್ಕಳ ಚುಚ್ಚುಮದ್ದು, ಕ್ಷಯದವರ ಮಾತ್ರೆ ಎಲ್ಲವನ್ನೂ ನೋಡಿಕೊಳ್ಳುವುದು ಆಶಾ ಕಾರ್ಯಕರ್ತೆ. ಕಾಗದದ ಮೇಲೆ ಆಕೆ ಸ್ವಯಂಸೇವಕಿ, ಸಂಬಳವಿಲ್ಲ, ಗೌರವಧನ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಕಳೆದರು. ಕೇಳಿದ್ದು ತಿಂಗಳಿಗೆ 15,000 ರೂಪಾಯಿ, ಸಿಕ್ಕಿದ್ದು 10,000ದ ಭರವಸೆ. ಊರಲ್ಲೇ ಹುಟ್ಟಿ, ಊರಲ್ಲೇ ಇದ್ದು, ರಾತ್ರಿ ಎರಡಕ್ಕೆ ಬಾಗಿಲು ತಟ್ಟಿದರೂ ಎದ್ದು ಬರುವವಳಿಗೆ ಕೊಡಲು ದುಡ್ಡಿಲ್ಲ. ಊರಲ್ಲಿ ನಿಲ್ಲುವವರು ಯಾಕೆ ಸಿಗುವುದಿಲ್ಲ ಎಂದು ಚರ್ಚಿಸಲು ಮಾತ್ರ ಗೋಡಂಬಿ ಬಿಸ್ಕತ್ತಿನ ಸಭೆ. ನಾಚಿಕೆಯಾಗಬೇಡವೇ?

ಮೊನ್ನೆ ನೆರೆಮನೆಯ ಅಜ್ಜಿ ಹಟ್ಟಿಯಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡರು. ಅಂದು ಬುಧವಾರ. ಆಶಾ ಕಾರ್ಯಕರ್ತೆ ಬಂದು ಅಡಿಕೆ ಹಾಳೆ ಕಟ್ಟಿ, ಶಾಲು ಸುತ್ತಿ, ತಾನೇ ಹಿಡಿದುಕೊಂಡು ಬಸ್ಸು ಹತ್ತಿಸಿದಳು. ಕಂಡಕ್ಟರ್ ಹಾಳೆಯನ್ನು ನೋಡಿದ, ಏನೂ ಕೇಳಲಿಲ್ಲ. ಕಂಕನಾಡಿಗೆ ಎರಡು ಟಿಕೆಟ್ ಹರಿದ.