ಹಳೆ ಎಂಜಿನ್‌ನ ಹೆಚ್‌ಪಿ ನೋಡುವ ಮುಂಚೆ ಅದಕ್ಕೆ ಸಿಗುತ್ತಿದ್ದ ಪೆಟ್ರೋಲ್ ನೋಡಿ

1932ರ ಫೋರ್ಡ್ ವಿ8 ಎಂಜಿನ್ 3.6 ಲೀಟರ್‌ನದು. ಶಕ್ತಿ 65 ಹೆಚ್‌ಪಿ. ಇಷ್ಟು ದೊಡ್ಡ ಎಂಜಿನ್‌ನಿಂದ ಇಷ್ಟೇನಾ, ಆಗಿನ ಅಮೆರಿಕನ್ನರಿಗೆ ಎಂಜಿನ್ ಮಾಡೋಕೆ ಬರ್ತಿರಲಿಲ್ಲ ಅನ್ನುವವರು ತುಂಬಾ ಜನ ಇದ್ದಾರೆ. ಹಳೆ ಹಾರ್ಲೆ ಬೈಕುಗಳು, ‘ಇಂಡಿಯನ್’ ಅನ್ನುವ ಇನ್ನೊಂದು ಅಮೆರಿಕನ್ ಕಂಪನಿಯ ಬೈಕುಗಳ ಬಗ್ಗೆಯೂ ಇದೇ ಮಾತು. ಇದು ದೊಡ್ಡ ಅನ್ಯಾಯ ಅಂತ ನನಗನ್ನಿಸುತ್ತದೆ.

ಅವುಗಳಲ್ಲಿ ಹೆಚ್ಚಿನವು ಸೈಡ್ ವಾಲ್ವ್, ಅಂದರೆ ಫ್ಲ್ಯಾಟ್‌ಹೆಡ್ ಎಂಜಿನ್‌ಗಳು. ಪೆಟ್ರೋಲ್-ಗಾಳಿ ಒಳಗೆ ಬಿಟ್ಟು, ಹೊಗೆ ಹೊರಗೆ ಬಿಡುವ ವಾಲ್ವ್‌ಗಳು ಸಿಲಿಂಡರ್ ಪಕ್ಕದಲ್ಲಿ, ಬ್ಲಾಕ್ ಒಳಗೇ ಇರುತ್ತವೆ. ಹೆಡ್ ಅನ್ನುವುದು ಪಾತ್ರೆಯ ಮುಚ್ಚಳದ ಹಾಗೆ ಮೇಲೆ ಕೂತಿರುತ್ತದೆ, ಅಷ್ಟೆ. ಮೇಲಿನ ವಾಲ್ವ್ ತೆರೆಯೋಕೆ ಬೇಕಾದ ರಾಕರ್ ಆರ್ಮ್ ಇಲ್ಲ, ಉದ್ದುದ್ದ ಪುಶ್ ರಾಡ್ ಇಲ್ಲ. 1908ರ ಫೋರ್ಡ್ ಕಾರು ಮಾಡೆಲ್ ಟಿ ಕೂಡ ಇದೇ ಜಾತಿ. 2.9 ಲೀಟರ್, 20 ಹೆಚ್‌ಪಿ. ಅದರ ಹೆಡ್ ಬಿಚ್ಚಿದರೆ ಪಿಸ್ಟನ್, ವಾಲ್ವ್ ಎಲ್ಲ ಕಣ್ಣೆದುರಿಗೆ. ಕಾರ್ಬನ್ ಕೆರೆದು, ವಾಲ್ವ್ ಉಜ್ಜಿ ಕೂರಿಸಿ, ಮತ್ತೆ ಮುಚ್ಚಿ ಹೊರಡಬಹುದಿತ್ತು. ಹತ್ತಿರದಲ್ಲೆಲ್ಲೂ ಗ್ಯಾರೇಜ್ ಇಲ್ಲದ ಹಳ್ಳಿಯ ರೈತನಿಗೆ ಇದಕ್ಕಿಂತ ಇನ್ನೇನು ಬೇಕಿತ್ತು ಹೇಳಿ.

ವಾಲ್ವ್ ಮೇಲಿಟ್ಟರೆ ಎಂಜಿನ್ ಚೆನ್ನಾಗಿ ಉಸಿರಾಡುತ್ತದೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗೇ ಗೊತ್ತಿತ್ತು. ಬ್ಯೂಕ್ ಕಂಪನಿ 1904ರಿಂದಲೇ ಅಂಥ ಎಂಜಿನ್ ಮಾಡುತ್ತಿತ್ತು. ತೊಡಕು ಇದ್ದದ್ದು ಪೆಟ್ರೋಲ್‌ನಲ್ಲಿ. ಆಗಿನ ಪೆಟ್ರೋಲ್‌ನ್ನು ಸ್ವಲ್ಪ ಜಾಸ್ತಿ ಒತ್ತಿದರೂ ಸರಿಯಾಗಿ ಉರಿಯದೆ ಒಳಗೇ ಸಿಡಿಯುತ್ತಿತ್ತು. ಅದೇ ನಾಕಿಂಗ್. ಹಾಗಾಗಿ ಮಾಡೆಲ್ ಟಿ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಪೆಟ್ರೋಲ್-ಗಾಳಿಯನ್ನು ಒತ್ತುವ ಪ್ರಮಾಣ, 4ಕ್ಕೆ 1ರ ಆಸುಪಾಸಿನಲ್ಲೇ ಉಳಿಯಿತು. ಇವತ್ತಿನ ಸಾಮಾನ್ಯ ಬೈಕುಗಳಲ್ಲಿ 10ಕ್ಕೆ 1ರ ಹತ್ತಿರ ಇರುತ್ತದೆ. ಕಂಪ್ರೆಷನ್ ಏರಿಸಲಾಗದಿದ್ದರೆ ವಾಲ್ವ್ ಮೇಲಿಟ್ಟೂ ಪೂರ್ತಿ ಲಾಭ ಸಿಗುವುದಿಲ್ಲ.

ಆಟ ಬದಲಾಗಿದ್ದು 1921ರಲ್ಲಿ. ಜನರಲ್ ಮೋಟಾರ್ಸ್‌ನಲ್ಲಿ ಚಾರ್ಲ್ಸ್ ಕೆಟರಿಂಗ್ ಕೈಕೆಳಗಿದ್ದ ಥಾಮಸ್ ಮಿಡ್ಗ್ಲಿ, ಸೀಸದ ಒಂದು ಸಂಯುಕ್ತವನ್ನು ಚೂರೇ ಚೂರು ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆ ಅಂತ ಕಂಡುಕೊಂಡರು. ಪೆಟ್ರೋಲ್ ಸುಧಾರಿಸಿತು, ಕಂಪ್ರೆಷನ್ ಏರುತ್ತಾ ಹೋಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ವಾಲ್ವ್ ಪೂರ್ತಿ ಮೇಲೆ ಹೋಯಿತು. 1949ರಲ್ಲಿ ಓಲ್ಡ್ಸ್‌ಮೊಬೀಲ್, ಕ್ಯಾಡಿಲಾಕ್ ಎರಡೂ ವಾಲ್ವ್ ಮೇಲಿರುವ ಹೊಸ ವಿ8 ತಂದವು. ಓಲ್ಡ್ಸ್‌ಮೊಬೀಲ್‌ನದು 135 ಹೆಚ್‌ಪಿ. ಅದೇ ವರ್ಷದ ಫೋರ್ಡ್ ಫ್ಲ್ಯಾಟ್‌ಹೆಡ್ ವಿ8ಗೆ ಇದ್ದದ್ದು 100. 1955ರಲ್ಲಿ ಷೆವರ್ಲೆಯ ‘ಸ್ಮಾಲ್ ಬ್ಲಾಕ್’ ವಿ8 ಬರುವ ಹೊತ್ತಿಗೆ ಫೋರ್ಡ್ ಕೂಡ ಅಮೆರಿಕದ ಕಾರುಗಳಲ್ಲಿ ಫ್ಲ್ಯಾಟ್‌ಹೆಡ್ ಬಿಟ್ಟಾಗಿತ್ತು.

ಆ 50ರ ದಶಕದ ವಿ8ಗಳನ್ನು ಹೊಗಳುವಾಗ ಸೀಸದ ಮಾತು ಬಿಟ್ಟುಬಿಡಬಾರದು. 1924ರಲ್ಲೇ ನ್ಯೂಜೆರ್ಸಿಯಲ್ಲಿ ಆ ಸಂಯುಕ್ತ ತಯಾರಿಸುತ್ತಿದ್ದ ಕಾರ್ಮಿಕರು ಬುದ್ಧಿ ಕೆಟ್ಟು, ನರಳಿ ಸತ್ತರು. ವೈದ್ಯರು ಎಚ್ಚರಿಸಿದರು. ಆದರೂ ಮಾರಾಟ ಮುಂದುವರಿಯಿತು. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತಿದ್ದು 2000ದಲ್ಲಿ. ಅಲ್ಲಿಯವರೆಗೆ ನಮ್ಮ ಮಕ್ಕಳೂ ಆ ಹೊಗೆ ಕುಡಿದರು. ಅಷ್ಟೊಂದು ಹೆಚ್‌ಪಿಗೆ ಬೆಲೆ ತೆತ್ತವರು ಇವರೆಲ್ಲ.

ಬೈಕುಗಳದ್ದು ಇನ್ನೊಂದು ಸ್ವಾರಸ್ಯ. ಹಾರ್ಲೆಯವರು 1936ರಲ್ಲಿ, ಆರ್ಥಿಕ ಕುಸಿತದ ನಡುವೆಯೇ, ವಾಲ್ವ್ ಮೇಲಿರುವ 1000 ಸಿಸಿಯ ಇಎಲ್ ಅನ್ನುವ ಬೈಕ್ ತಂದರು. ಅದಕ್ಕೂ ಮುಂಚಿನ ಹಾರ್ಲೆಗಳಲ್ಲಿ ಆಯಿಲ್ ಒಮ್ಮೆ ಹೋದರೆ ಹೋಯಿತು. ಇಎಲ್‌ನಲ್ಲಿ ಅದು ತಿರುಗಿ ಟ್ಯಾಂಕಿಗೆ ಬರುತ್ತಿತ್ತು. ಮೊದಲ ವರ್ಷ ಹೆಡ್‌ನಿಂದ ಆಯಿಲ್ ಸೋರಿ ಸವಾರರಿಗೆ ಸಾಕುಬೇಕಾಗಿತ್ತು. ಆದರೂ ಕಂಪನಿ ಹಿಂದೆ ಸರಿಯಲಿಲ್ಲ. 1948ರಲ್ಲಿ ಬಿಸಿ ಬೇಗ ಬಿಟ್ಟುಕೊಡುವ ಅಲ್ಯೂಮಿನಿಯಂ ಹೆಡ್ ಹಾಕಿದರು. ಇಂಥ ಹಟ ನನಗೆ ತುಂಬಾ ಇಷ್ಟ.

ಅದೇ ಕಂಪನಿ ಹಳೆ ಸೈಡ್ ವಾಲ್ವ್‌ನ್ನೂ ಬಿಡಲಿಲ್ಲ. ಯುದ್ಧಕ್ಕೆ ಹೋದ ಡಬ್ಲ್ಯುಎಲ್‌ಎ ಬೈಕಿನಲ್ಲಿ ಇದ್ದದ್ದು 750 ಸಿಸಿ ಫ್ಲ್ಯಾಟ್‌ಹೆಡ್. ಸರ್ವಿ-ಕಾರ್ ಅನ್ನುವ ಮೂರು ಚಕ್ರದ ಗಾಡಿಯಲ್ಲಿ ಅದು 1973ರವರೆಗೂ ಓಡಿತು. 1969ರಲ್ಲಿ ಹಾರ್ಲೆ ಸವಾರ ಕ್ಯಾಲ್ ರೇಬರ್ನ್ ಅಮೆರಿಕದ ಡೇಟೋನಾ 200 ರೇಸ್ ಗೆದ್ದದ್ದೂ ಸೈಡ್ ವಾಲ್ವ್ ಇದ್ದ ಕೆಆರ್ ಅನ್ನುವ ಹಾರ್ಲೆ ರೇಸ್ ಬೈಕಿನ ಮೇಲೆ! ಸೈಡ್ ವಾಲ್ವ್‌ಗೆ 750 ಸಿಸಿ, ಮೇಲಿನ ವಾಲ್ವ್‌ಗೆ 500 ಸಿಸಿ ಅನ್ನುವ ನಿಯಮ ಅದಕ್ಕೆ ಅನುಕೂಲವಾಗಿತ್ತು, ನಿಜ. ಆದರೆ ಆ ಹೊತ್ತಿಗೆ ಎಲ್ಲರೂ ಮುಗಿಯಿತು ಅಂದುಕೊಂಡಿದ್ದ ಎಂಜಿನ್ ಅದು.

ನಮ್ಮ ಮಲೆನಾಡಿನ ಕಾಫಿ ತೋಟಗಳಿಗೂ ಈ ಕಥೆಯ ಒಂದು ತುಂಡು ಬಂದಿದೆ. ಯುದ್ಧಕಾಲದ ವಿಲ್ಲೀಸ್ ಜೀಪ್‌ನದು 2.2 ಲೀಟರ್ ಸೈಡ್ ವಾಲ್ವ್ ಎಂಜಿನ್. ಆಮೇಲೆ ಅದೇ ಎಂಜಿನ್‌ನಲ್ಲಿ ಪೆಟ್ರೋಲ್-ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್ ಮಾತ್ರ ಮೇಲಿಟ್ಟು, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಪಕ್ಕದಲ್ಲೇ ಬಿಟ್ಟರು. ಇದೇ ಹರಿಕೇನ್ ಎಂಜಿನ್. ಎಂಜಿನ್ ಎತ್ತರವಾಯಿತು, ಅದು ಹಿಡಿಯಲಿ ಅಂತ ಬಾನೆಟ್‌ನ್ನೂ ಎತ್ತರಿಸಿದರು. ಮಹೀಂದ್ರಾ ದಶಕಗಳ ಕಾಲ ಮಾಡಿದ ಸಿಜೆ-3ಬಿ ಜೀಪಿಗೆ ಆ ಎತ್ತರದ ಮೂತಿ ಬಂದಿದ್ದು ಹೀಗೆ. ಎಷ್ಟೋ ಜೀಪುಗಳಿಗೆ ಆಮೇಲೆ ಡೀಸೆಲ್ ಎಂಜಿನ್ ಹಾಕಿಸಿಬಿಟ್ಟರು. ಹಳೆ ಪೆಟ್ರೋಲ್ ಎಂಜಿನ್ ಹಾಗೇ ಉಳಿಸಿಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಬಾನೆಟ್ ಎತ್ತಿ ಒಂದು ಫೋಟೋ ಹಾಕಿ.