ಟೇಬಲ್ ಸಾ ಬ್ಲೇಡಿನ ಮೇಲೆ ಗಾರ್ಡ್ ಸದಾ ಇರಲೇಬೇಕೆ?

ಪರ

ಹುಬ್ಬಳ್ಳಿ-ಧಾರವಾಡದ ಹೊಸ ಬಡಾವಣೆಗಳ ಮನೆಗಳಿಗೆ ಬೇಕಾದ ಕಪಾಟು, ಮಂಚ, ಬಾಗಿಲುಗಳನ್ನು ಮಾಡಿಕೊಡುವವರಲ್ಲಿ ಇಬ್ಬರು ಮೂವರು ಸೇರಿ ದುಡಿಯುವ ಸಣ್ಣ ಶೆಡ್ಡಿನವರೂ ಇದ್ದಾರೆ. ಅಂಥ ಶೆಡ್ಡುಗಳ ಟೇಬಲ್ ಸಾ ಎಂದರೆ ಮೇಜಿನ ಸಂದಿನಿಂದ ದುಂಡು ಬ್ಲೇಡು ಮೇಲೆದ್ದು ತಿರುಗುವ ಗರಗಸ ಯಂತ್ರ. ಆ ಬ್ಲೇಡನ್ನು ಮೇಲಿನಿಂದ ಮರೆಮಾಡುವ ಗಾರ್ಡ್ ಇರುವುದನ್ನು ನಾನು ಕಂಡದ್ದು ಅಪರೂಪ. ಯಂತ್ರ ಬಂದ ವಾರದಲ್ಲೇ ಅದನ್ನು ಬಿಚ್ಚಿ ಮೂಲೆಗೆ ಇಡುತ್ತಾರೆ. ಕೇಳಿದರೆ, ಗೆರೆ ಕಾಣುವುದಿಲ್ಲ, ಕೈ ಪಳಗಿದವನಿಗೆ ಅದು ಬೇಕಿಲ್ಲ ಎನ್ನುತ್ತಾರೆ.

ಕೈ ಎಷ್ಟು ಪಳಗಿದ್ದರೂ ಬ್ಲೇಡಿನ ವೇಗಕ್ಕೆ ಸಾಟಿಯಾಗಲಾರದು. 10 ಇಂಚಿನ ಬ್ಲೇಡು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಅದರ ಹಲ್ಲುಗಳು ಸೆಕೆಂಡಿಗೆ ಸುಮಾರು 53 ಮೀಟರ್, ಅಂದರೆ ಗಂಟೆಗೆ 190 ಕಿ.ಮೀ. ವೇಗದಲ್ಲಿ ಓಡುತ್ತವೆ. ಬೆರಳು ತಾಗಿತೆಂದು ತಿಳಿದು ಕೈ ಹಿಂದೆಗೆಯುವಷ್ಟರಲ್ಲಿ ನೂರಾರು ಹಲ್ಲುಗಳು ಆ ಜಾಗವನ್ನು ಹಾದು ಹೋಗಿರುತ್ತವೆ. ಅಮೆರಿಕದ ಸ್ಟೀಫನ್ ಗ್ಯಾಸ್ ರೂಪಿಸಿದ ಸಾಸ್ಟಾಪ್ ಯಂತ್ರದಲ್ಲಿ ಚರ್ಮ ತಾಗಿದೊಡನೆ ಅಲ್ಯೂಮಿನಿಯಂ ಬ್ರೇಕು ಎಗರಿ, ಸುಮಾರು 5 ಮಿಲಿಸೆಕೆಂಡಿನಲ್ಲಿ ಬ್ಲೇಡನ್ನು ಹಿಡಿದು ನಿಲ್ಲಿಸುತ್ತದೆ. ಆದರೆ ಒಮ್ಮೆ ಬ್ರೇಕು ಬಿದ್ದರೆ ಅದರ ಕಾರ್ಟ್ರಿಜ್ ಹೋಗುತ್ತದೆ, ಬಹುಪಾಲು ಬ್ಲೇಡೂ ಹಾಳಾಗುತ್ತದೆ. ಆ ವೆಚ್ಚ ನಮ್ಮ ಶೆಡ್ಡುಗಳಿಗೆ ಎಟುಕುವಂಥದ್ದಲ್ಲವಾದ್ದರಿಂದ ಬೆರಳಿಗೂ ಹಲ್ಲಿಗೂ ನಡುವೆ ನಮಗೆ ಉಳಿಯುವುದು ಗಾರ್ಡ್ ಒಂದೇ.

ಕಾನೂನು ಇದನ್ನು ಬಹಳ ಹಿಂದೆಯೇ ಗುರುತಿಸಿತ್ತು. ಯಂತ್ರಗಳ ಅಪಾಯಕಾರಿ ಭಾಗಗಳಿಗೆ ಭದ್ರವಾದ ಮರೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 21ನೆಯ ಕಲಮು ಹೇಳಿತ್ತು. ಆದರೆ ಆ ಕಾಯ್ದೆ ಅನ್ವಯಿಸುತ್ತಿದ್ದುದು ವಿದ್ಯುತ್ ಬಳಸಿ 10 ಅಥವಾ ಹೆಚ್ಚು ಮಂದಿ ದುಡಿಯುವ ಕಡೆಗೆ. ಮೂವರ ಶೆಡ್ಡಿಗೆ ಯಾವ ಇನ್ಸ್‌ಪೆಕ್ಟರೂ ಬರುವುದಿಲ್ಲ. ಹಾಗಾಗಿ ಗಾರ್ಡ್ ಇಲ್ಲದೆ ಯಂತ್ರ ಚಾಲೂ ಮಾಡಬಾರದೆಂಬ ಕಟ್ಟುನಿಟ್ಟನ್ನು ಶೆಡ್ಡಿನ ಮಾಲೀಕನೇ ತರಬೇಕು. ಕೆಲಸ ಕಲಿಯಲು ಬಂದ ಹುಡುಗನಿಗೆ ಯಾವ ಕೊಯ್ತಕ್ಕೆ ಗಾರ್ಡ್ ಬೇಕು, ಯಾವುದಕ್ಕೆ ಬೇಡ ಎಂದು ತೂಗಿ ನೋಡುವ ಅನುಭವ ಇರುವುದಿಲ್ಲ. ‘ಸದಾ’ ಎಂಬ ಮಾತು ಅವನಿಗಾಗಿ.

ವಿರೋಧ

ಗಾರ್ಡ್ ಒಳ್ಳೆಯದು, ನಾನೂ ಬಳಸುತ್ತೇನೆ. ನನ್ನ ವಿರೋಧ ‘ಸದಾ’ ಎಂಬ ಮಾತಿಗೆ, ಮತ್ತು ಆ ಮಾತು ನಮ್ಮ ಗಮನವನ್ನು ಮುಖ್ಯವಾದ ಭಾಗದಿಂದ ಬೇರೆಡೆಗೆ ಸೆಳೆಯುವುದಕ್ಕೆ.

ಹಲಗೆಯನ್ನು ಉದ್ದಕ್ಕೆ ಸೀಳುವಾಗ ಒದಗುವ ದೊಡ್ಡ ಅಪಾಯ ಕಟ್ಟಿಗೆ ಹಿಂದಕ್ಕೆ ಚಿಮ್ಮುವುದು. ಸರಿಯಾಗಿ ಆರದ ಸಾಗವಾನಿಯನ್ನು ಸೀಳುತ್ತಿದ್ದಂತೆ ಒಳಗಿನ ಬಿಗಿತ ಸಡಿಲಗೊಂಡು, ಕೊಯ್ದ ಸಂದು ಬ್ಲೇಡಿನ ಹಿಂದೆ ಮುಚ್ಚಿಕೊಳ್ಳುತ್ತದೆ. ಬ್ಲೇಡಿನ ಹಿಂಬದಿಯ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಬರುವುದರಿಂದ ಅವು ಹಲಗೆಯನ್ನು ಎತ್ತಿ ಕೆಲಸಗಾರನ ಎದೆಗೋ ಹೊಟ್ಟೆಗೋ ಎಸೆಯುತ್ತವೆ. ಹಲಗೆಯ ಮೇಲಿದ್ದ ಕೈ ಅದರೊಡನೆ ಬ್ಲೇಡಿನ ಕಡೆಗೆ ಎಳೆಯಲ್ಪಡುತ್ತದೆ. ಮೇಲಿನ ಗಾರ್ಡ್ ಸಂದು ಮುಚ್ಚಿಕೊಳ್ಳುವುದನ್ನು ತಡೆಯುವುದಿಲ್ಲ. ತಡೆಯುವುದು ಬ್ಲೇಡಿನ ಬೆನ್ನಿಗೆ ಅಂಟಿದಂತೆ ನಿಲ್ಲುವ ಉಕ್ಕಿನ ಪಟ್ಟಿ, ರೈವಿಂಗ್ ನೈಫ್. ಅದರ ತುದಿ ಬ್ಲೇಡಿನ ನೆತ್ತಿಗಿಂತ ಸ್ವಲ್ಪ ಕೆಳಗೇ ಇರುವುದರಿಂದ, ಹಲಗೆಯನ್ನು ಪೂರ್ತಿ ಕೊಯ್ಯದೆ ಕಾಲುವೆಯಂತೆ ಕೊರೆಯುವ, ಗಾರ್ಡ್ ತೆಗೆಯದೆ ಆಗದ ಗ್ರೂವ್ ಕೆಲಸದಲ್ಲೂ ಅದು ಜಾಗ ಬಿಡಬೇಕಿಲ್ಲ. ‘ಸದಾ’ ಎಂಬ ಮಾತು ಸಲ್ಲುವುದಾದರೆ ಇದಕ್ಕೆ ಸಲ್ಲಬೇಕು.

ಅಳತೆಯ ನಿಖರತೆಯೂ ಸುರಕ್ಷತೆಯೂ ಇಲ್ಲಿ ಒಂದೇ ಕೆಲಸ. ಹಲಗೆಯನ್ನು ಒರಗಿಸಿ ತಳ್ಳುವ ಬದಿಯ ಪಟ್ಟಿ, ಅಂದರೆ ಫೆನ್ಸ್, ಬ್ಲೇಡಿಗೆ ಸಮಾನಾಂತರವಾಗಿದೆಯೇ ಎಂದು ನೋಡಲು, ಪ್ಲಗ್ ಕಿತ್ತು, ಒಂದೇ ಹಲ್ಲಿಗೆ ಗುರುತು ಹಾಕಿ, ಅದನ್ನು ಮುಂದಕ್ಕೂ ಹಿಂದಕ್ಕೂ ತಿರುಗಿಸಿ ಎರಡೂ ಕಡೆ ಫೆನ್ಸಿಗಿರುವ ದೂರ ಅಳೆಯಬೇಕು. ಹಿಂದಿನ ಅಳತೆ ಕಡಿಮೆ ಬಂದರೆ ಫೆನ್ಸ್ ಹಲಗೆಯನ್ನು ಬ್ಲೇಡಿಗೆ ಒತ್ತುತ್ತಿದೆ ಎಂದರ್ಥ. ಅಂಚಿನಲ್ಲಿ ಸುಟ್ಟ ಕಪ್ಪು ಗುರುತು ಬಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಬೀಡಿಂಗ್ ಪಟ್ಟಿಯಂಥ ಸಣ್ಣ ತುಂಡು ಸೀಳುವಾಗಲಂತೂ ಗಾರ್ಡ್ ಮತ್ತು ಫೆನ್ಸ್ ನಡುವೆ ತಳ್ಳುಕಟ್ಟಿಗೆಗೆ ಜಾಗವೇ ಉಳಿಯದೆ ಜನ ಬೆರಳಿನಿಂದಲೇ ತಳ್ಳುತ್ತಾರೆ. ಅಂಥ ಕಡೆ ಅಗಲವಾದ ಹಲಗೆಯನ್ನು ಫೆನ್ಸಿನ ಬದಿಗಿಟ್ಟು, ಪಟ್ಟಿ ಹೊರಬದಿಗೆ ಬೀಳುವಂತೆ ಕೊಯ್ದು, ಪ್ರತಿ ಕೊಯ್ತಕ್ಕೂ ಫೆನ್ಸ್ ಸರಿಸಿಕೊಳ್ಳುವುದು ತಡವಾದರೂ ಮೇಲು.

ಇನ್ನೊಂದು ಮಾತು. ಊರಲ್ಲೇ ವೆಲ್ಡ್ ಮಾಡಿಸಿದ ಯಂತ್ರಗಳಿಗೆ ಗಾರ್ಡ್ ಕೂರಿಸುವ ಜಾಗವೇ ಇರುವುದಿಲ್ಲ. ಕಡ್ಡಾಯವೆಂದರೆ ತಗಡಿನ ಮುಚ್ಚಳವೊಂದನ್ನು ತೂಗುಬಿಡುತ್ತಾರೆ, ಅದು ಅಲುಗಾಡಿ ಬ್ಲೇಡಿಗೆ ತಾಗಿದರೆ ಹೊಸ ಅಪಾಯ. ರೈವಿಂಗ್ ನೈಫ್ ಹಾಗಲ್ಲ. ಬ್ಲೇಡಿನ ತಟ್ಟೆ 2 ಮಿ.ಮೀ. ದಪ್ಪವಿದ್ದು ಕೊಯ್ತದ ಅಗಲ 3 ಮಿ.ಮೀ. ಇದ್ದರೆ 2.5 ಮಿ.ಮೀ. ಉಕ್ಕಿನ ಪಟ್ಟಿ ಸಾಕು. ಬ್ಲೇಡಿನ ಬದಲು ಮೇಜನ್ನೇ ಏರಿಸಿ ಇಳಿಸುವ ಯಂತ್ರವಾದರೆ, ಬೇರಿಂಗ್ ಕೂತ ಚೌಕಟ್ಟಿಗೆ ಅದನ್ನು ನಟ್-ಬೋಲ್ಟ್ ಹಾಕಿ ಬಿಗಿದರಾಯಿತು. ಮೇಜು ಎಷ್ಟೇ ಮೇಲೆ ಕೆಳಗಾದರೂ ಪಟ್ಟಿಗೂ ಬ್ಲೇಡಿಗೂ ನಡುವಿನ ಅಂತರ ಬದಲಾಗುವುದಿಲ್ಲ.